ಸಂಗೀತ ನಾಟಕಕ್ಕೆ ಹಾದಿ ಹಾಕಿದ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮನೆತನಗಳಿಗೆ ಮರಾಠಿ ನಾಟ್ಯಸಂಗೀತ ಹೊಸ ಮಾತಲ್ಲ. ಮನೆಯಲ್ಲಿ ಕನ್ನಡ, ಪ್ಯಾಟ್ಯಾಗ ಮರಾಠಿ, ರೇಡಿಯೋದಾಗ ಬಾಲಗಂಧರ್ವರ ಹಾಡು ಅಂತ ಬೆಳೆದ ಹಿರಿಯರು ಈ ಭಾಗದಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಆ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಮನುಷ್ಯ ಹುಟ್ಟಿದ್ದು ಪುಣೆಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ಬೆಳಗಾವಿ ಜಿಲ್ಲೆ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಹೆಸರು ಬಲವಂತ ಪಾಂಡುರಂಗ ಕಿರ್ಲೋಸ್ಕರ. ಜನರ ಬಾಯಲ್ಲಿ ಅಣ್ಣಾಸಾಹೇಬ.

ಕಿರ್ಲೋಸ್ಕರ ಅಂದ ಕೂಡಲೇ ನಮ್ಮ ಕಡೆ ಒಕ್ಕಲುತನದ ಮಂದಿಗೆ ನೆನಪಾಗುವುದು ಕಬ್ಬಿಣದ ನೇಗಿಲು ಮತ್ತು ನೀರೆತ್ತುವ ಪಂಪು. ಆ ಕಾರಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಅವರಿಗಿಂತ 26 ವರ್ಷ ಮೊದಲೇ, 1843ರ ಮಾರ್ಚ್ 31ರಂದು ಹುಟ್ಟಿದ ಅಣ್ಣಾಸಾಹೇಬರು ಕಟ್ಟಿದ್ದು ಬೇರೆಯದೇ ಕಾರಖಾನೆ. ಅಲ್ಲಿ ತಯಾರಾದದ್ದು ಹಾಡು.

ಅಣ್ಣಾಸಾಹೇಬರು ಬದುಕಿದ್ದು ಬರೇ 42 ವರ್ಷ. ಸಂಗೀತ ನಾಟಕಕ್ಕೆ ಅಂತ ಸಿಕ್ಕಿದ್ದು ಕಡೆಯ 5 ವರ್ಷ ಮಾತ್ರ. ಅಷ್ಟರಲ್ಲೇ ಎರಡೂವರೆ ನಾಟಕ ಬರೆದು, ಕಂಪನಿ ಕಟ್ಟಿ, ಹಾಡುವ ನಟರನ್ನು ಹುಡುಕಿ ತಂದು, ಮುಂದಿನ ಅರ್ಧ ಶತಮಾನದ ರಂಗಭೂಮಿಗೆ ಹಾದಿ ಹಾಕಿ ಹೋದರು. ಆ ಹಾದಿಯ ಒಂದು ಕವಲು ಮತ್ತೆ ನಮ್ಮ ಹುಬ್ಬಳ್ಳಿ, ಧಾರವಾಡ, ಗದಗದ ಕಡೆಗೇ ತಿರುಗಿತು. ಅವರ ಕಥೆ ಗಡಿಯ ಎರಡೂ ಕಡೆಯವರಿಗೆ ಸೇರಿದ್ದು ಅನ್ನುವುದು ಅದಕ್ಕೇ.

ಹುಟ್ಟಿದ ವರ್ಷದ ಸೋಜಿಗ

1843 ಮರಾಠಿ ರಂಗಭೂಮಿಯ ಪಂಚಾಂಗದಲ್ಲಿ ದೊಡ್ಡ ವರ್ಷ. ಅದರ ಹಿಂದಿನ ವರ್ಷ ಉತ್ತರ ಕನ್ನಡದ ಕಡೆಯ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿತ್ತು. ಅಲ್ಲಿಯ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರು ಅದನ್ನು ನೋಡಿ, ಇಂಥದ್ದು ಮರಾಠಿಯಲ್ಲೂ ಆಗಬೇಕು, ಇನ್ನಷ್ಟು ಚೊಕ್ಕಟವಾಗಿ ಆಗಬೇಕು ಅಂತ ತಮ್ಮ ಪದರಿನಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆಯವರು ಸೀತಾಸ್ವಯಂವರ ಕಟ್ಟಿ 1843ರ ನವೆಂಬರ್ 5ರಂದು ಸಾಂಗಲಿಯಲ್ಲಿ ಆಡಿಸಿದರು. ಮಹಾರಾಷ್ಟ್ರದಲ್ಲಿ ನವೆಂಬರ್ 5 ಇಂದಿಗೂ ಮರಾಠಿ ರಂಗಭೂಮಿ ದಿನ.

ಭಾವೆಯವರ ನಾಟಕಗಳಲ್ಲಿ ಹಾಡು ಇತ್ತು. ಹಾಡುತ್ತಿದ್ದವನು ಮಾತ್ರ ಸೂತ್ರಧಾರ. ಅವನು ತಾಳದವರನ್ನು ಕಟ್ಟಿಕೊಂಡು ಕಥೆಯನ್ನು ಹಾಡುತ್ತ ಹೋಗುತ್ತಿದ್ದ. ಪಾತ್ರಧಾರಿಗಳು ಅದಕ್ಕೆ ತಕ್ಕಂತೆ ಅಭಿನಯಿಸಿ, ನಡುನಡುವೆ ತಮಗೆ ತೋಚಿದ ಮಾತು ಆಡುತ್ತಿದ್ದರು. ನಮ್ಮ ಬಯಲಾಟ, ಯಕ್ಷಗಾನ ನೋಡಿದವರಿಗೆ ಈ ಪದ್ಧತಿ ಬಿಡಿಸಿ ಹೇಳಬೇಕಿಲ್ಲ. ಹಾಡು ಭಾಗವತನದು, ಮಾತು ವೇಷದವನದು.

ಅದೇ ವರ್ಷ ಹುಟ್ಟಿದ ಕೂಸು ಮುಂದೆ ದೊಡ್ಡವನಾಗಿ ಈ ಕಟ್ಟನ್ನು ಬಿಚ್ಚಿತು. ಭಾಗವತನ ಬಾಯಲ್ಲಿದ್ದ ಹಾಡನ್ನು ತೆಗೆದು ಪಾತ್ರದ ಬಾಯಿಗೆ ಕೊಟ್ಟಿತು. ಅಣ್ಣಾಸಾಹೇಬರ ಸಾಧನೆಯನ್ನು ಒಂದೇ ಮಾತಿನಲ್ಲಿ ಹೇಳೋದಾದರೆ ಇಷ್ಟೇ.

ಎರಡು ಭಾಷೆಯ ಊರು

ಕಿರ್ಲೋಸ್ಕರ ಮನೆತನದ ಮೂಲ ಕೊಂಕಣದ ಕಡೆಯದು. ಮನೆಮಾತು ಮರಾಠಿ. ಆದರೆ ಗುರ್ಲಹೊಸೂರು ಅಚ್ಚ ಕನ್ನಡ ನಾಡಿನ ನಡುವಿನ ಊರು. ಮನೆಯ ಹೊಸ್ತಿಲು ದಾಟಿದರೆ ಓಣಿಯ ಮಾತು ಕನ್ನಡ. ಹೊಲದಲ್ಲಿ, ಸಂತೆಯಲ್ಲಿ, ಗುಡಿಯಲ್ಲಿ ಕನ್ನಡ. ಇವತ್ತು ಜತ್ತದಲ್ಲೋ ಅಕ್ಕಲಕೋಟೆಯಲ್ಲೋ ಇರುವ ಕನ್ನಡ ಮನೆಯ ಹುಡುಗ ಹೊರಗೆ ಮರಾಠಿ ಕೇಳಿಕೊಂಡು ಬೆಳೆಯುತ್ತಾನಲ್ಲ, ಅದರ ತಿರುವುಮುರುವು.

ಆ ಸೀಮೆಯಲ್ಲಿ ಕಿವಿಗೆ ಬೀಳುವ ಹಾಡಿಗೆ ಬರವಿರಲಿಲ್ಲ. ಸುಗ್ಗಿ ಮುಗಿದ ಮೇಲೆ ದೊಡ್ಡಾಟ. ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣನಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತ. ಗುಡಿಯಲ್ಲಿ ದಾಸರ ಪದ, ಭಜನೆ. ಮನೆಯಲ್ಲಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ಮದುವೆ ಸೋಬಾನದಲ್ಲಿ ಹೇಳುವ ಹಾಡು. ಇನ್ನೊಂದು ಕಡೆ ಮರಾಠಿ ಮನೆತನಗಳಲ್ಲಿ ನಡೆಯುತ್ತಿದ್ದ ಹರಿಕೀರ್ತನ, ಮೋರೋಪಂತರ ಆರ್ಯಾ, ಪಂಢರಪುರಕ್ಕೆ ಹೊರಟ ದಿಂಡಿಯವರ ಅಭಂಗ, ಹಬ್ಬ ಜಾತ್ರೆಗೆ ಬರುವ ಲಾವಣಿಯವರು. ಎರಡು ಭಾಷೆಯ ಇಷ್ಟೆಲ್ಲ ಹಾಡಿನ ಧಾಟಿ ಜೀವಂತವಾಗಿದ್ದ ನಾಡಿನಲ್ಲಿ ಅಣ್ಣಾಸಾಹೇಬರ ಕಿವಿ ತಯಾರಾಯಿತು.

ಓದು ಮೊದಲು ಮನೆಯಲ್ಲೇ. ಆಮೇಲೆ ಕೊಲ್ಹಾಪುರ, ಧಾರವಾಡ. 1863ರಲ್ಲಿ ಮುಂದಿನ ಓದಿಗೆ ಅಂತ ಪುಣೆಗೆ ಹೋದರು. ಓದು ಅಲ್ಲಿಗೇ ನಿಂತಿತು, ನಾಟಕದ ಹುಚ್ಚು ಹತ್ತಿತು. ಊರೂರು ತಿರುಗುತ್ತಿದ್ದ ನಾಟಕ ಮಂಡಳಿಗಳಿಗೆ ಪದ ಬರೆದು ಕೊಡುವುದು, ತಾವೇ ಒಂದು ಮಂಡಳಿ ಕಟ್ಟಿ ಆಡಿಸುವುದು, ಇದೇ ಕೆಲಸವಾಯಿತು. ಮಂಡಳಿಗಳಿಗೆ ಪದ ಬರೆದ ಆ ದಿನಗಳು ಹಾಳಾಗಲಿಲ್ಲ. ಯಾವ ಪದಕ್ಕೆ ಮಂದಿ ತಲೆದೂಗುತ್ತಾರೆ, ಯಾವುದಕ್ಕೆ ಆಕಳಿಸುತ್ತಾರೆ ಅನ್ನೋದು ಮುಂದೆ ಕೂತು ಕೇಳುವ ಮಂದಿಯಿಂದಲೇ ಕಲಿಯಬೇಕಾದ ವಿದ್ಯೆ.

ಬೆಳಗಾವಿಯ ಮಾಸ್ತರ

ಹೊಟ್ಟೆಪಾಡಿಗೆ ಬೆಳಗಾವಿಗೆ ಬಂದು ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ಆಮೇಲೆ ಪೊಲೀಸ್ ಖಾತೆಯಲ್ಲಿ ಕಾರಕೂನಿಕೆ, ಮುಂದೆ ರೆವಿನ್ಯೂ ಕಮಿಶನರರ ಕಚೇರಿಯಲ್ಲಿ ನೌಕರಿ. 1873ರಲ್ಲಿ ಆದಿ ಶಂಕರಾಚಾರ್ಯರನ್ನು ಕುರಿತು ಶಾಂಕರ ದಿಗ್ಜಯ ಎಂಬ ಗದ್ಯ ನಾಟಕ ಬರೆದರು. ಅದಕ್ಕೂ ಮೊದಲು ಅಲ್ಲಾವುದ್ದೀನನ ಚಿತ್ತೋಡದ ದಂಡಯಾತ್ರೆಯ ವಿಷಯ ಹಿಡಿದು ಒಂದು ನಾಟಕ ಬರೆದಿದ್ದರು. ಎರಡೂ ಆಗಿನ ಪದ್ಧತಿಯವೇ. ಅವರ ನಿಜವಾದ ದಾರಿ ಇನ್ನೂ ತೆರೆದಿರಲಿಲ್ಲ.

ಬೆಳಗಾವಿಯಲ್ಲಿ ಇವರಿಗೆ ಸಿಕ್ಕ ದೊಡ್ಡ ಆಸ್ತಿ ಗೋವಿಂದ ಬಲ್ಲಾಳ ದೇವಲ. 1855ರಲ್ಲಿ ಹುಟ್ಟಿದ ದೇವಲರು ಬೆಳಗಾವಿಗೆ ಓದಲು ಬಂದವರು, ಅಣ್ಣಾಸಾಹೇಬರ ಕೈಯಲ್ಲಿ ನಾಟಕ ಕಲಿತವರು. ಮುಂದೆ 1899ರಲ್ಲಿ ಇವರು ಬರೆದ ಸಂಗೀತ ಶಾರದಾ, ಮುದುಕನಿಗೆ ಸಣ್ಣ ಹುಡುಗಿಯನ್ನು ಕಟ್ಟುವ ಅನ್ಯಾಯವನ್ನು ರಂಗದ ಮೇಲೆ ತಂದು ಊರೂರಲ್ಲಿ ಮಾತಾಯಿತು. ಪುರಾಣದ ಕಥೆಗೆ ಅಂತ ಗುರು ಕಟ್ಟಿದ ಹಾಡಿನ ನಾಟಕವನ್ನು ಶಿಷ್ಯ ಮನೆಮನೆಯ ಸಂಕಟಕ್ಕೆ ಬಳಸಿದ.

ಇಂದ್ರಸಭಾ ನೋಡಿದ ಮೇಲೆ

ಕಚೇರಿಯ ಕೆಲಸ ಅಣ್ಣಾಸಾಹೇಬರನ್ನು ಮತ್ತೆ ಪುಣೆಗೆ ಒಯ್ದಿತು. 1880ರಲ್ಲಿ ಪುಣೆಯಲ್ಲಿ ಪಾರ್ಸಿ ಕಂಪನಿಯೊಂದು ಇಂದ್ರಸಭಾ ಆಡುತ್ತಿತ್ತು. ಲಖನೌದ ಅಮಾನತ್ ಎಂಬ ಕವಿ ಉರ್ದುವಿನಲ್ಲಿ ಬರೆದ ನಾಟಕ ಅದು. ಹಾಡು, ಕುಣಿತ, ಝಗಝಗಿಸುವ ಪರದೆ, ಅಪ್ಸರೆಯರ ವೇಷ. ಪಾತ್ರಗಳೇ ಎದ್ದು ನಿಂತು ಹಾಡುತ್ತಿದ್ದವು. ಅದನ್ನು ನೋಡಿದ ಅಣ್ಣಾಸಾಹೇಬರಿಗೆ, ಇದು ಮರಾಠಿಯಲ್ಲಿ ಯಾಕಾಗಬಾರದು ಅನ್ನಿಸಿತು.

ಆದರೆ ಅವರು ಇಂದ್ರಸಭೆಯ ನಕಲು ಮಾಡಲು ಹೋಗಲಿಲ್ಲ. ಕೈಗೆತ್ತಿಕೊಂಡದ್ದು ಕಾಳಿದಾಸನ ಶಾಕುಂತಲವನ್ನು. ಇದು ಧೈರ್ಯದ ಕೆಲಸ. ಸಂಸ್ಕೃತ ಬಲ್ಲವರ ಕಣ್ಣು ಒಂದು ಕಡೆ, ತಮಾಷೆ ಕೇಳುವ ಮಂದಿ ಇನ್ನೊಂದು ಕಡೆ. ಮರ್ಯಾದಸ್ಥ ಮನೆಯವರು ನಾಟಕದವರನ್ನು ಹಗುರಾಗಿ ನೋಡುತ್ತಿದ್ದ ಕಾಲ ಅದು. ಸರಕಾರಿ ನೌಕರಿಯಲ್ಲಿದ್ದ 37 ವರ್ಷದ ಗೃಹಸ್ಥ ಬಣ್ಣ ಹಚ್ಚಿಕೊಂಡು ನಿಂತರೆ ಏನಂದಾರು? ಎರಡು ಪಂಗಡವನ್ನೂ ಒಂದೇ ಮಂಡಪದಲ್ಲಿ ಕೂಡಿಸಬೇಕಾದರೆ ಉಪಾಯ ಒಂದೇ. ಕಥೆ ಕಾಳಿದಾಸನದಿರಬೇಕು, ಧಾಟಿ ಮಂದಿಗೆ ಗೊತ್ತಿದ್ದದ್ದಿರಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಶಾಕುಂತಲ ಇದಕ್ಕಿಂತ ಹತ್ತು ವರ್ಷ ಮೊದಲೇ ಬಂದಿತ್ತು. ಚುರಮುರಿ ಶೇಷಗಿರಿರಾಯರು ಮಾಡಿದ ಶಾಕುಂತಲ ನಾಟಕ 1869ರ ಹೊತ್ತಿನದು. ಉತ್ತರ ಕರ್ನಾಟಕದ ಆಡುಮಾತಿನ ಸೊಗಡನ್ನು ಕಾಳಿದಾಸನ ಕಥೆಗೆ ಹೊಂದಿಸಿದ ಪುಸ್ತಕ ಅದು. ಅತ್ತ ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳೂ ಅರಮನೆಯ ನಾಟಕ ಮಂಡಳಿಗೆ ಅಂತ ಶಾಕುಂತಲವನ್ನು ಕನ್ನಡಿಸಿದರು. ಅವರು ಹುಟ್ಟಿದ್ದೂ 1843ರಲ್ಲೇ. ಒಂದೇ ಕಥೆ, ಒಂದೇ ಕಾಲ. ಧಾರವಾಡದ ಸೀಮೆ, ಮೈಸೂರು, ಪುಣೆ ಮೂರೂ ಕಡೆ ಶಕುಂತಲೆ ತವರು ಬಿಟ್ಟು ಹೊಸ ಭಾಷೆಯ ಮನೆಗೆ ಕಾಲಿಡುತ್ತಿದ್ದಳು.

1880ರ ಅಕ್ಟೋಬರ್ 31

ಪುಣೆಯ ಬುಧವಾರ ಪೇಟೆಯ ತಾಂಬೇಕರ ವಾಡೆಯಲ್ಲಿ ತಾಲೀಮು ನಡೆಯಿತು. ಮೊದಲ ಪ್ರಯೋಗ 1880ರ ಅಕ್ಟೋಬರ್ 31ರಂದು ಆನಂದೋದ್ಭವ ನಾಟ್ಯಗೃಹದಲ್ಲಿ. ಅವತ್ತು ಆಡಿದ್ದು ಮೊದಲ ನಾಲ್ಕು ಅಂಕ ಮಾತ್ರ, ಉಳಿದವು ಆಮೇಲೆ ಸೇರಿದವು. ಅಣ್ಣಾಸಾಹೇಬರು ತಾವೇ ಸೂತ್ರಧಾರರಾಗಿ ನಿಂತರು. ಮೋರೋಬಾ ವಾಘೋಲಿಕರ ದುಷ್ಯಂತ. ಬಾಳಕೋಬಾ ನಾಟೇಕರ ಇನ್ನೊಬ್ಬ ಮುಖ್ಯ ಗಾಯಕ ನಟ.

ನಾಲ್ಕನೆಯ ಅಂಕ ಅಂದರೆ ಕಣ್ವರು ಶಕುಂತಲೆಯನ್ನು ಗಂಡನ ಮನೆಗೆ ಕಳಿಸಿಕೊಡುವ ಅಂಕ. ಮಗಳನ್ನು ಕಳಿಸುವ ಹೊತ್ತಿಗೆ ಹಾಡು ಇಲ್ಲದ ಮನೆ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಅಲ್ಲಿಯವರೆಗೆ ಸೂತ್ರಧಾರ ಬದಿಗೆ ನಿಂತು, ಋಷಿಗೆ ದುಃಖವಾಯಿತು ಅಂತ ಹಾಡುತ್ತಿದ್ದ. ಈಗ ಆ ಋಷಿಯೇ ಹಾಡಿದ. ನೋಡುವವರಿಗೆ ಕಥೆ ಕೇಳಿದಂತಾಗಲಿಲ್ಲ, ಕಣ್ಣೆದುರು ನಡೆದಂತಾಯಿತು.

ಇಡೀ ನಾಟಕದಲ್ಲಿ ಹಾಡುಗಳ ಸಂಖ್ಯೆ ಇನ್ನೂರರ ಆಸುಪಾಸು. ಇವತ್ತಿನವರಿಗೆ ಗಾಬರಿಯಾಗುವ ಲೆಕ್ಕ. ಆದರೆ ಅವು ಗಂಟೆಗಟ್ಟಲೆ ಆಲಾಪ ಮಾಡುವ ಹಾಡಲ್ಲ. ಸಾಕಿ, ದಿಂಡಿ, ಕಾಮದಾ, ಅಂಜನೀಗೀತ, ಆರ್ಯಾ ಎಂಬ ಚಿಕ್ಕ ಚಿಕ್ಕ ಕಟ್ಟುಗಳೇ ಬಹಳ. ನಾಲ್ಕು ಸಾಲಿನಲ್ಲಿ ಹೇಳಬೇಕಾದ್ದು ಹೇಳಿ ಮುಗಿಯಿತು. ಕಥೆ ಮುಂದಕ್ಕೆ ತಳ್ಳಬೇಕಾದಲ್ಲಿ ಒಂದು ಕಟ್ಟು, ಮನಸ್ಸು ತೋಡಿಕೊಳ್ಳಬೇಕಾದಲ್ಲಿ ಇನ್ನೊಂದು. ಪಾತ್ರ ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಏರುತ್ತದೆ, ಹಾಡು ಮುಗಿಸಿ ಮಾತಿಗೆ ಇಳಿಯುತ್ತದೆ. ಹಾಡು ನಾಟಕದ ನಡುವೆ ಬಂದ ವಿರಾಮವಲ್ಲ, ಅದೂ ಸಂಭಾಷಣೆಯೇ.

ಚಾಲ, ಮಟ್ಟು, ಧಾಟಿ

ಮರಾಠಿ ಸಂಗೀತ ನಾಟಕದ ಹಳೆಯ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ತೆಗೆದು ನೋಡಬಹುದು. ಪದದ ತಲೆಯ ಮೇಲೆ ರಾಗ, ತಾಳ, ಚಾಲ ಅಂತ ಕೊಟ್ಟಿರುತ್ತಾರೆ. ಚಾಲ ಅಂದರೆ ಯಾವ ಹಳೆಯ ಹಾಡಿನಂತೆ ಇದನ್ನು ಹಾಡಬೇಕು ಅನ್ನುವ ಗುರುತು. ನಮ್ಮ ಕಂಪನಿ ನಾಟಕದವರು ಇದನ್ನೇ ಮಟ್ಟು ಅಂದರು, ಹಳ್ಳಿಯವರು ಧಾಟಿ ಅಂತಾರೆ. ಸ್ವರಲಿಪಿ ಬರೆದುಕೊಳ್ಳುವ ರೂಢಿ ಇಲ್ಲದ ಕಾಲದಲ್ಲಿ ಒಂದು ಹಾಡಿನ ಹೆಸರು ಹೇಳಿದರೆ ಇಡೀ ರಾಗ ತಾಳ ನಟನ ತಲೆಗೆ ಬಂದುಬಿಡುತ್ತಿತ್ತು. ನೋಡುವವರಿಗೂ ಲಾಭ. ಗೊತ್ತಿದ್ದ ಧಾಟಿಯಾದ್ದರಿಂದ ಹೊಸ ಮಾತು ಬೇಗ ನಾಲಿಗೆಗೆ ಹತ್ತುತ್ತಿತ್ತು. ಆಟ ಮುಗಿಸಿ ಮನೆಗೆ ಹೋಗುವ ಹಾದಿಯಲ್ಲೇ ಮಂದಿ ಗುನುಗುತ್ತಿದ್ದರು.

ಅಣ್ಣಾಸಾಹೇಬರ ಚಾಲಗಳ ಮೂಲ ಹುಡುಕಿದರೆ ಅವರ ಬದುಕಿನ ನಕ್ಷೆಯೇ ಸಿಗುತ್ತದೆ. ಕೀರ್ತನಕಾರರ ಪದ, ಲಾವಣಿ, ಹೆಣ್ಣುಮಕ್ಕಳ ಹಾಡು, ಹಿಂದೂಸ್ತಾನಿ ಚೀಜು ಒಂದು ಕಡೆ. ಇನ್ನೊಂದು ಕಡೆ ಕರ್ನಾಟಕಿ ಧಾಟಿಗಳು. ಹುಟ್ಟಿ ಬೆಳೆದ ಸೀಮೆಯ ಹಾಡನ್ನು ಅವರು ಪುಣೆಯ ರಂಗದ ಮೇಲೆ ಇಟ್ಟರು. ಅಲ್ಲಿಯ ಮಂದಿಗೆ ಅದು ಹೊಸ ರುಚಿಯಾಯಿತು.

ಇದು ಹೇಳಿದಷ್ಟು ಸಲೀಸಲ್ಲ. ಕನ್ನಡದ ಶಬ್ದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಕಡೆಯ ಅಕ್ಷರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಮರಾಠಿ ಆಡುಮಾತಿನಲ್ಲಿ ಎಷ್ಟೋ ಶಬ್ದ ವ್ಯಂಜನದಲ್ಲೇ ಟಕ್ಕನೆ ನಿಲ್ಲುತ್ತವೆ. ಕನ್ನಡ ಧಾಟಿಗೆ ಮರಾಠಿ ಮಾತು ತುಂಬುವಾಗ ಎಳೆತ ಬರುವ ಜಾಗಕ್ಕೆ ಸರಿಯಾಗಿ ದೀರ್ಘಾಕ್ಷರ ಕೂರಿಸಬೇಕು. ತಾಳದ ಪೆಟ್ಟು ಶಬ್ದದ ನಡುವೆ ಬಿದ್ದು ಅರ್ಥ ಮುರಿಯಬಾರದು. ಎರಡೂ ಭಾಷೆಯ ಉಸಿರು ಬಲ್ಲವನಿಗೇ ಈ ಕೆಲಸ ಒಗ್ಗುವುದು. ಗಡಿಭಾಗದ ಭಜನಾ ಮಂಡಳಿಗಳಲ್ಲಿ ಅಭಂಗದ ಧಾಟಿಗೆ ಕನ್ನಡ ಪದ ಹೊಂದಿಸಿ ಹಾಡುವವರಿಗೆ ಇದರ ತ್ರಾಸು ಚೆನ್ನಾಗಿ ಗೊತ್ತು.

ಸೌಭದ್ರದ ಯಶಸ್ಸು

ಎರಡನೆಯ ನಾಟಕ ಸಂಗೀತ ಸೌಭದ್ರ. 1882ರ ನವೆಂಬರ್ 18ರಂದು ಪುಣೆಯಲ್ಲಿ ಇದರ ಮೊದಲ ಮೂರು ಅಂಕ ಆಡಿದರು. ಪೂರ್ತಿ ನಾಟಕ ರಂಗಕ್ಕೆ ಬಂದದ್ದು 1883ರಲ್ಲಿ. ಈ ಸಲ ಅನುವಾದದ ಹಂಗಿಲ್ಲ. ಸುಭದ್ರೆಗೆ ಅರ್ಜುನನ ಮೇಲೆ ಮನಸ್ಸು, ಅಣ್ಣ ಬಲರಾಮ ದುರ್ಯೋಧನನಿಗೆ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾನೆ, ಇನ್ನೊಬ್ಬ ಅಣ್ಣ ಕೃಷ್ಣ ಒಳಗೊಳಗೇ ಹುನ್ನಾರ ಮಾಡುತ್ತಾನೆ, ಅರ್ಜುನ ಸನ್ಯಾಸಿ ವೇಷದಲ್ಲಿ ಬರುತ್ತಾನೆ. ಕಥೆ ಪುರಾಣದ್ದಾದರೂ ಮನೆಯೊಳಗಿನ ಮಾತು, ಮುನಿಸು, ಸಂಬಂಧ ನೋಡುವ ಗಡಿಬಿಡಿ ಎಲ್ಲ ನಮ್ಮ ನಿಮ್ಮ ಮನೆಯದೇ. ಕೃಷ್ಣ ಮುನಿಸಿಕೊಂಡ ರುಕ್ಮಿಣಿಯನ್ನು ರಮಿಸುವ ಪ್ರಸಂಗ ನೋಡಿದರೆ ನಮ್ಮ ಪಾರಿಜಾತದ ಸತ್ಯಭಾಮೆ ನೆನಪಾಗದೆ ಇರಳು.

ಹಾಡನ್ನು ಪಾತ್ರಕ್ಕೆ ತಕ್ಕಂತೆ ಹಂಚಿದ್ದು ಸೌಭದ್ರದ ಜಾಣತನ. ನಾರದನ ಹಾಡು ಬೇರೆ, ಕೃಷ್ಣನ ಹಾಡು ಬೇರೆ. ಸುಭದ್ರೆಯ ಹಾಡಿನಲ್ಲಿ ತಳಮಳ, ಕೃಷ್ಣನ ಹಾಡಿನಲ್ಲಿ ಚೇಷ್ಟೆ. ಹಾಡು ಕೇಳಿದರೇ ಯಾರು ಬಂದರು ಅಂತ ಗೊತ್ತಾಗಬೇಕು, ಹಾಗಿದೆ ಕಟ್ಟು.

ಇದೇ ಹೊತ್ತಿಗೆ ಬಡೋದೆಯಿಂದ ಬಂದ ಹುಡುಗನೊಬ್ಬ ಕಂಪನಿ ಸೇರಿದ. ಭಾವುರಾವ್ ಕೋಲ್ಹಟಕರ. 1863ರಲ್ಲಿ ಹುಟ್ಟಿದವನು, ಆಗ ಹತ್ತೊಂಬತ್ತರ ಹರೆಯ. ಹೆಂಗಸರು ರಂಗಕ್ಕೆ ಬರದ ಕಾಲವಾದ್ದರಿಂದ ಶಕುಂತಲೆ, ಸುಭದ್ರೆ ಎರಡೂ ಪಾತ್ರ ಅವನದಾಯಿತು. ಅವನ ಕಂಠಕ್ಕೆ ಮಂದಿ ಮರುಳಾದರು. 1901ರಲ್ಲಿ ತೀರಿಕೊಳ್ಳುವವರೆಗೂ ಭಾವುರಾಯರು ಕಂಪನಿಯ ಬೆನ್ನೆಲುಬಾಗಿದ್ದರು. ಒಳ್ಳೆಯ ಕಂಠವನ್ನು ಗುರುತಿಸಿ, ಅದಕ್ಕೆ ಹೊಂದುವ ಪದ ಕಟ್ಟಿಕೊಡುವುದು ಅಣ್ಣಾಸಾಹೇಬರ ಇನ್ನೊಂದು ವಿದ್ಯೆ. ಬರೆಯುವವ, ಕಲಿಸುವವ, ಕಂಪನಿ ನಡೆಸುವವ, ವೇಷ ಹಾಕುವವ ಎಲ್ಲ ಒಬ್ಬರೇ ಆಗಿದ್ದುದರಿಂದ ಇದು ಸಾಧ್ಯವಾಯಿತು.

ಅರ್ಧಕ್ಕೆ ನಿಂತ ರಾಮರಾಜ್ಯವಿಯೋಗ

ಮೂರನೆಯ ನಾಟಕ ರಾಮರಾಜ್ಯವಿಯೋಗ. ರಾಮನ ಪಟ್ಟಾಭಿಷೇಕ ತಪ್ಪಿ ವನವಾಸಕ್ಕೆ ಹೊರಡುವ ಕಥೆ. 1884ರಲ್ಲಿ ಇದರ ಮೂರು ಅಂಕ ರಂಗಕ್ಕೆ ಬಂದವು. ಅಣ್ಣಾಸಾಹೇಬರ ಪದ್ಧತಿಯೇ ಹಾಗೆ. ಬರೆದಷ್ಟನ್ನು ಆಡಿ ನೋಡುವುದು, ಆಮೇಲೆ ಮುಂದಿನದನ್ನು ಬರೆಯುವುದು. ಶಾಕುಂತಲವೂ ಹಾಗೇ ಆಗಿತ್ತು, ಸೌಭದ್ರವೂ ಹಾಗೇ. ಈ ಸಲ ಮಾತ್ರ ಮುಂದಿನದು ಬರಲಿಲ್ಲ. 1885ರ ನವೆಂಬರ್ 2ರಂದು ಗುರ್ಲಹೊಸೂರಿನಲ್ಲೇ ಅವರು ತೀರಿಕೊಂಡರು. ಪುಣೆಯಲ್ಲಿ ಹೆಸರು ಮಾಡಿದ ಮನುಷ್ಯ ಕಣ್ಣು ಮುಚ್ಚಿದ್ದು ಹುಟ್ಟೂರಿನಲ್ಲಿ.

ಕಂಪನಿ ಮುಚ್ಚಲಿಲ್ಲ. ಕಿರ್ಲೋಸ್ಕರ ನಾಟಕ ಮಂಡಳಿ ಎಂಬ ಹೆಸರಿನಲ್ಲೇ ಶಿಷ್ಯರು, ಜತೆಗಾರರು ನಡೆಸಿಕೊಂಡು ಹೋದರು. 1905ರಲ್ಲಿ ನಾರಾಯಣರಾವ್ ರಾಜಹಂಸ ಎಂಬ ತರುಣ ಈ ಮಂಡಳಿಗೆ ಬಂದು ಶಕುಂತಲೆಯಾಗಿ ನಿಂತ. ಆತನೇ ಬಾಲಗಂಧರ್ವ. 1913ರಲ್ಲಿ ಬಾಲಗಂಧರ್ವರು ಹೊರಬಿದ್ದು ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಗೋವೆಯ ಮಂಗೇಶಿಯಲ್ಲಿ ಹುಟ್ಟಿದ ದೀನಾನಾಥ ಮಂಗೇಶಕರರೂ ಕಿರ್ಲೋಸ್ಕರ ಮಂಡಳಿಯಲ್ಲಿ ಪಳಗಿದವರು. 1918ರಲ್ಲಿ ತಮ್ಮದೇ ಕಂಪನಿ ಮಾಡಿದಾಗ ಅದಕ್ಕೆ ಬಲವಂತ ಸಂಗೀತ ಮಂಡಳಿ ಅಂತ ಹೆಸರಿಟ್ಟರು. ಆ ಬಲವಂತ ಬೇರೆ ಯಾರೂ ಅಲ್ಲ, ಗುರ್ಲಹೊಸೂರಿನ ಬಲವಂತ ಪಾಂಡುರಂಗ.

ಹಾಡು ಬೆಳೆಯಿತು, ನಾಟಕ?

ಅಣ್ಣಾಸಾಹೇಬರ ನಂತರ ಸಂಗೀತ ನಾಟಕದ ಹಾಡು ಬದಲಾಯಿತು. 1911ರಲ್ಲಿ ಖಾಡಿಲಕರರ ಮಾನಾಪಮಾನ ಬಂದಾಗ ಹಾರ್ಮೋನಿಯಂ ವಾದಕ ಗೋವಿಂದರಾವ್ ಟೆಂಬೆಯವರು ಅದಕ್ಕೆ ಚಾಲ ಕಟ್ಟಿದರು. ಖಯಾಲು, ಠುಮರಿಯ ಬಂದಿಶುಗಳು ನೇರವಾಗಿ ರಂಗಕ್ಕೆ ಬಂದವು. ಸಾಕಿ ದಿಂಡಿಗಳು ಹಿಂದೆ ಸರಿದವು. ಒಂದು ಪದಕ್ಕೆ ನಾಲ್ಕು ಸಲ ವನ್ಸ್‌ಮೋರ್ ಬೀಳುವುದು, ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗಿನ ಜಾವದವರೆಗೆ ನಡೆಯುವುದು ರೂಢಿಯಾಯಿತು. ಹಾಡುಗಾರಿಕೆ ಎತ್ತರಕ್ಕೆ ಏರಿತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಸನ್ಯಾಸಿ ವೇಷದ ಅರ್ಜುನ ಎದುರಿಗಿದ್ದಾನೆ ಅನ್ನೋದನ್ನೇ ಮರೆತು ಸುಭದ್ರೆ ಅರ್ಧ ತಾಸು ತಾನು ತೆಗೆದುಕೊಂಡು ನಿಂತರೆ ಕಥೆ ಅಲ್ಲೇ ನಿಂತುಬಿಡುತ್ತದೆ.

ಕಿರ್ಲೋಸ್ಕರರ ಮೂಲ ಕಟ್ಟು ಇದಲ್ಲ. ಅವರಿಗೆ ಹಾಡು ನಾಟಕದ ಕಾಲು, ನಡೆಯಲಿಕ್ಕೆ ಬೇಕಾದದ್ದು. ಮುಂದಿನವರಲ್ಲಿ ಕೆಲವರಿಗೆ ಅದು ಒಡವೆಯಾಯಿತು. ಇವತ್ತಿಗೂ ಹಾಡಿರುವ ನಾಟಕ ಮಾಡಿಸುವ ಶಾಲೆ ಮಾಸ್ತರರು, ಸಂಘದವರು ಅಣ್ಣಾಸಾಹೇಬರಿಂದ ಕಲಿಯಬೇಕಾದ್ದು ಇಲ್ಲೇ ಇದೆ. ಈ ಹಾಡು ತೆಗೆದುಬಿಟ್ಟರೆ ಕಥೆಗೆ ಏನಾದರೂ ಕಡಿಮೆಯಾಗುತ್ತದೆಯೇ ಅಂತ ಕೇಳಿಕೊಳ್ಳಬೇಕು. ಏನೂ ಕಡಿಮೆಯಾಗದಿದ್ದರೆ ಆ ಹಾಡು ಅಲ್ಲಿ ಬೇಕಾಗಿಲ್ಲ.

ತಿರುಗಿ ಬಂದ ಹಾದಿ

ಮರಾಠಿ ಕಂಪನಿಗಳು ರೈಲು ಹಿಡಿದು ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ಗದಗ, ಸೊಲ್ಲಾಪುರಕ್ಕೆ ಬಂದು ಕ್ಯಾಂಪು ಹಾಕತೊಡಗಿದವು. ಕನ್ನಡಿಗರೂ ಮುಗಿಬಿದ್ದು ನೋಡಿದರು. ಇದು ಕೆಲವರಿಗೆ ನಾಟಿತು. ನಮ್ಮ ನೆಲದಲ್ಲಿ ನಮ್ಮ ಭಾಷೆಯ ನಾಟಕ ಯಾಕಿಲ್ಲ? ಗದಗದಲ್ಲಿ ಶಾಂತಕವಿ ಎನಿಸಿದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲೇ ಕನ್ನಡ ನಾಟಕ ಮಂಡಳಿ ಕಟ್ಟಿ ಇದಕ್ಕೆ ಉತ್ತರ ಕೊಡತೊಡಗಿದ್ದರು. ಮುಂದೆ ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕನ್ನಡ ಕಂಪನಿಗಳನ್ನು ಬೆಳೆಸಿದರು. ಮರಾಠಿಗೆ ಎದುರಾಗಿ ನಿಂತರೂ ಅವರು ಅಲ್ಲಿಯ ಹಾಡಿನ ಕಟ್ಟನ್ನು ಬಿಡಲಿಲ್ಲ. ಕನ್ನಡ ನಾಟಕದ ಪುಸ್ತಕದಲ್ಲೂ ಸಾಕಿ, ದಿಂಡಿ ಅನ್ನುವ ಹೆಸರು ಬಂದವು. ನಮ್ಮ ಸೀಮೆಯಿಂದ ಹೋದ ಧಾಟಿ ಮರಾಠಿಯ ಅಂಗಿ ತೊಟ್ಟು ತಿರುಗಿ ಬಂತು, ಮತ್ತೆ ಕನ್ನಡದ ಅಂಗಿ ತೊಟ್ಟಿತು.

ಇದರ ಫಲ ನಾಟಕಕ್ಕಷ್ಟೇ ಅಲ್ಲ. ಉತ್ತರ ಕರ್ನಾಟಕದ ಕಿವಿ ಹಿಂದೂಸ್ತಾನಿ ಸಂಗೀತಕ್ಕೆ ತಿರುಗಿದ್ದರಲ್ಲಿ ಉಸ್ತಾದ ಅಬ್ದುಲ್ ಕರೀಮ್ ಖಾನರಂಥವರ ಜತೆಗೆ ಈ ನಾಟಕ ಕಂಪನಿಗಳ ಪಾಲೂ ದೊಡ್ಡದು. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಹೆಣ್ಣು ಪಾತ್ರ ಹಾಡಿ ಸವಾಯಿ ಗಂಧರ್ವ ಎನಿಸಿದರು. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು ಹುಡುಗರಾಗಿದ್ದಾಗ ವಾಮನರಾಯರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಜತೆ ಮರಾಠಿ ರಂಗದಲ್ಲಿ ಹಾಡಿದರು. ಸವಾಯಿ ಗಂಧರ್ವರ ಶಿಷ್ಯರಾದ ಗದಗದ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಗಂಧರ್ವರ ಹಾಡುಗಳನ್ನೇ ಹಿಡಿದು ಒಂದು ಕಾರ್ಯಕ್ರಮ ಕಟ್ಟಿದರು. ಅಣ್ಣಾಸಾಹೇಬರು ತುಳಿದ ಗುರ್ಲಹೊಸೂರು ಪುಣೆ ಹಾದಿಯಲ್ಲಿ ಎಷ್ಟೊಂದು ಮಂದಿ ಓಡಾಡಿದರು ನೋಡ್ರಿ.

ಯಾರ ಪಾಲಿಗೆ?

ಗಡಿಯ ಮಾತು ಬಂದಾಗಲೆಲ್ಲ ಊರು, ನದಿ, ಸತ್ತುಹೋದ ದೊಡ್ಡವರು ಎಲ್ಲರನ್ನೂ ಹಂಚಿಕೊಳ್ಳುವ ಚಾಳಿ ನಮ್ಮಲ್ಲಿದೆ. ಅಣ್ಣಾಸಾಹೇಬರು ನಮ್ಮ ನೆಲದಲ್ಲಿ ಹುಟ್ಟಿದರು, ಹಾಗಾಗಿ ಕನ್ನಡದವರು ಅಂತ ವಾದಿಸುವುದು ಸುಲಭ. ಅವರ ಹೆಸರು ನಿಂತಿದ್ದು ಮರಾಠಿ ನಾಟಕದ ಮೇಲೆ, ಹಾಗಾಗಿ ಕನ್ನಡಿಗರಿಗೆ ಸಂಬಂಧವೇ ಇಲ್ಲ ಅನ್ನುವುದೂ ಅಷ್ಟೇ ಸುಲಭ. ಎರಡೂ ಅರ್ಧ ಸತ್ಯ. ಮರಾಠಿ ಅವರ ಲೇಖನಿಯ ಭಾಷೆ, ಅದನ್ನು ಯಾರೂ ಕಸಿಯಲಾಗದು. ಆ ಲೇಖನಿಗೆ ಧಾಟಿ ಹೇಳಿಕೊಟ್ಟ ಕಿವಿ ಮಾತ್ರ ಎರಡು ಭಾಷೆಯ ಊರಿನಲ್ಲಿ ತಯಾರಾದದ್ದು. ಒಂದೇ ಭಾಷೆಯ ಊರಲ್ಲಿ ಬೆಳೆದಿದ್ದರೆ ಅವರು ಒಳ್ಳೆಯ ನಾಟಕಕಾರರೇನೋ ಆಗುತ್ತಿದ್ದರು. ಶಾಕುಂತಲ, ಸೌಭದ್ರದಲ್ಲಿ ನಾವು ಕೇಳುವ ಹಾಡಿನ ಬೆರಕೆ ಹುಟ್ಟುತ್ತಿರಲಿಲ್ಲ.

ಗಡಿಯಾಚೆ ಇರುವ ಕನ್ನಡ ಮನೆಗಳಲ್ಲಿ ಒಂದು ಚಿಂತೆ ಇದ್ದೇ ಇದೆ. ಮಕ್ಕಳು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಆಡಿಕೊಂಡು ಎರಡರಲ್ಲೂ ಅರೆಬರೆ ಆಗಿಬಿಡುತ್ತಾರೇನೋ ಅಂತ. ಆ ಚಿಂತೆ ಸುಳ್ಳಲ್ಲ. ಮನೆಯ ಭಾಷೆಯನ್ನು ಗಟ್ಟಿಯಾಗಿ ಹಿಡಿದವರಿಗೆ ಮಾತ್ರ ಎರಡನೆಯದು ಲಾಭವಾಗುತ್ತದೆ. ಅಣ್ಣಾಸಾಹೇಬರು ಮನೆಯ ಮರಾಠಿ ಬಿಡಲಿಲ್ಲ, ಓಣಿಯ ಕನ್ನಡಕ್ಕೆ ಕಿವಿ ಮುಚ್ಚಲಿಲ್ಲ. ನಮ್ಮ ಮಕ್ಕಳದು ಅದೇ ಸ್ಥಿತಿ, ಭಾಷೆಯ ಜಾಗ ಮಾತ್ರ ಅದಲುಬದಲು.

ನವೆಂಬರ್ 2 ಅವರು ತೀರಿಕೊಂಡ ದಿನ. ಮೂರು ದಿನ ಬಿಟ್ಟರೆ ಮರಾಠಿ ರಂಗಭೂಮಿ ದಿನ. ಮಗನೋ ಮಗಳೋ ಮರಾಠಿ ಶಾಲೆಯಲ್ಲಿ ಆ ದಿನ ಕಿರ್ಲೋಸ್ಕರರ ಹೆಸರು ಕೇಳಿಕೊಂಡು ಮನೆಗೆ ಬಂದರೆ, ಅವರ ಊರು ಸವದತ್ತಿ ಎಲ್ಲಮ್ಮನ ಗುಡ್ಡ ಇರುವ ತಾಲೂಕಿನಲ್ಲೇ ಇದೆ ಅಂತ ಹೇಳಿ. ಮನೆಯಲ್ಲಿ ಹಳೆಯ ಹಾಡು ಬಲ್ಲ ಅಜ್ಜಿ ಇದ್ದರೆ ಒಂದು ಸೋಬಾನದ ಪದ ಹೇಳಿಸಿ, ಆಮೇಲೆ ಸೌಭದ್ರದ ಒಂದು ಹಾಡು ಕೇಳಿಸಿ. ಎರಡರ ನಡುವೆ ನೆಂಟಸ್ತನ ಇದೆಯೋ ಇಲ್ಲವೋ, ಮಕ್ಕಳ ಕಿವಿಯೇ ಹೇಳುತ್ತದೆ.